ಎರಡನೆಯ ಪ್ರತಿ

ಮೈಸೂರಿನ ಆ ನಿವೃತ್ತ ಅಧ್ಯಾಪಕರ ಮನೆಯಲ್ಲಿ, ಓದುವ ಕೋಣೆಯ ಕಪಾಟಿನ ಕೆಳಗೆ, ಕಪ್ಪು ಬಣ್ಣದ ಚಿಕ್ಕ ಪೆಟ್ಟಿಗೆಯೊಂದು ಹಗಲಿರುಳೂ ನಡೆಯುತ್ತಿರುತ್ತದೆ. ಒಳಗೆ ಎರಡು ದೊಡ್ಡ ಡಿಸ್ಕುಗಳು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿಯೂ ಮೂಡುತ್ತದೆ. ಅದನ್ನು ನಡೆಸುವುದು ಡೆಬಿಯನ್ ಲಿನಕ್ಸನ್ನು ಆಧರಿಸಿದ, ಉಚಿತವಾಗಿ ದೊರೆಯುವ ಓಪನ್‌ಮೀಡಿಯಾವಾಲ್ಟ್. ತಂದೆಯವರ ಪತ್ರಗಳು, ಜಮೀನಿನ ಕಾಗದಗಳು, ಮೂರು ಸಂಸಾರಗಳ ಮದುವೆ ನಾಮಕರಣಗಳ ಚಿತ್ರಗಳು ಎಲ್ಲವೂ ಅದರಲ್ಲಿವೆ. "ನಿಶ್ಚಿಂತೆಯಿಂದಿರಿ, ಪ್ರತಿ ರಾತ್ರಿ ಹೊರಗಿನ ಡಿಸ್ಕಿಗೂ ಒಂದು ಪ್ರತಿ ಹೋಗುತ್ತದೆ" ಎಂದು ಅವರು ತಮ್ಮನಿಗೂ ತಂಗಿಗೂ ಹೇಳಿದ್ದರು. ಆ ಮಾತನ್ನು ನಂಬಿ ತಮ್ಮ ತನ್ನ ಫೋನಿನಲ್ಲಿದ್ದ ಚಿತ್ರಗಳನ್ನೆಲ್ಲ ಅಳಿಸಿಬಿಟ್ಟಿದ್ದ.

2024ರ ಫೆಬ್ರವರಿಯ ಒಂದು ಸಂಜೆ, ಮೊಮ್ಮಗಳಿಗೊಂದು ಪ್ರತ್ಯೇಕ ಫೋಲ್ಡರು ಮಾಡಿಕೊಡಲೆಂದು ಅವರು ಪೆಟ್ಟಿಗೆಯ ಆಡಳಿತದ ಪುಟವನ್ನು ಬ್ರೌಸರಿನಲ್ಲಿ ತೆರೆದರು. ಪಾಸ್‌ವರ್ಡ್ ಕೊಟ್ಟರೆ ಪುಟವು ಅದನ್ನು ಒಪ್ಪಿಕೊಂಡಂತೆ ಮಾಡಿ, ಮತ್ತೆ ಪಾಸ್‌ವರ್ಡನ್ನೇ ಕೇಳಿತು. ಮೂರು ಸಲ ಹೀಗಾಗಲು, ಎಲ್ಲರೂ ಮಾಡುವುದನ್ನೇ ಅವರೂ ಮಾಡಿದರು: ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಚ್ಚಿದರು. ಈಗ ಆ ಪುಟವೂ ಇಲ್ಲ. ಬಿಳಿಯ ತೆರೆಯ ಮೇಲೆ 502 ಎಂಬ ಅಂಕಿ ಮಾತ್ರ.

"ಹೊಸದಾಗಿ ಇನ್‌ಸ್ಟಾಲ್ ಮಾಡಿಬಿಡಿ ಮಾವ, ಅರ್ಧ ಗಂಟೆಯ ಕೆಲಸ" ಎಂದ ಅಳಿಯ, ಫೋನಿನಲ್ಲಿ. ಸಲಹೆ ತಪ್ಪೆನ್ನಲಾಗದು. ಆದರೆ ಆ ಕೆಲಸದ ನಡುವೆ ಒಂದು ಡಿಸ್ಕಿನ ಬದಲು ಇನ್ನೊಂದನ್ನು ಆರಿಸಿದರೆ ಎಲ್ಲವೂ ಅಳಿದುಹೋಗುತ್ತದೆ. ಪೆನ್‌ಡ್ರೈವನ್ನು ಕೈಯಲ್ಲಿ ಹಿಡಿದ ಅಧ್ಯಾಪಕರು ಬಹಳ ಹೊತ್ತು ಕುಳಿತಿದ್ದು, ಕೊನೆಗೆ ಅದನ್ನು ಮೇಜಿನ ಮೇಲಿಟ್ಟರು.

ಮೊದಲು ಪಿಂಗ್ ಮಾಡಿದರು; ಉತ್ತರ ಬಂದಿತು. ಹಂಚಿಕೆಯ ಫೋಲ್ಡರುಗಳು ಎಂದಿನಂತೆ ತೆರೆದವು. ತಂದೆಯವರ ಪತ್ರಗಳು ಇದ್ದಲ್ಲಿಯೇ ಇದ್ದವು. ಹಾಗಾದರೆ ತಂತಿಯೂ ಸರಿ, ಡಿಸ್ಕುಗಳೂ ಸರಿ, ಕೆಟ್ಟದ್ದು ಪುಟವೊಂದೇ. ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ಡಿಎಫ್ ಎಂಬ ಆಜ್ಞೆ ಕೊಟ್ಟಾಗ ಕಾರಣ ಕಂಡಿತು. ವ್ಯವಸ್ಥೆಯೇ ವಾಸಿಸುವ ಪುಟ್ಟ ಡಿಸ್ಕು ನೂರಕ್ಕೆ ನೂರು ತುಂಬಿಹೋಗಿತ್ತು. ಒಳಬಂದವರ ಗುರುತನ್ನು ಪುಟವು ಒಂದು ಸಣ್ಣ ಕಡತದಲ್ಲಿ ಬರೆದಿಟ್ಟುಕೊಳ್ಳಬೇಕು. ಬರೆಯಲು ಜಾಗವಿಲ್ಲದೆ, ಬಂದವರನ್ನು ಮರೆತು ಮರೆತು ಕೇಳುತ್ತಿತ್ತು.

ತುಂಬಿದ್ದು ಏನು? ಡಿಯು ಆಜ್ಞೆಯಿಂದ ಒಂದೊಂದೇ ಫೋಲ್ಡರನ್ನು ಅಳೆಯುತ್ತ ಹೋದಾಗ ಸಿಕ್ಕಿದ್ದು, ಆ ಎರಡನೆಯ ಪ್ರತಿಯೇ. ಲಿನಕ್ಸಿನಲ್ಲಿ ಹೊರಗಿನ ಡಿಸ್ಕು ಒಂದು ಫೋಲ್ಡರಿನ ಸ್ಥಾನದಲ್ಲಿ ಬಂದು ಕೂಡುತ್ತದೆ. ಇದನ್ನೇ ಮೌಂಟ್ ಎನ್ನುವುದು. ಡಿಸ್ಕು ಕಳಚಿದರೂ ಬರಿಯ ಫೋಲ್ಡರು ಅಲ್ಲಿ ಉಳಿದಿರಬಹುದು. ನಕಲು ಮಾಡುವ ಆರ್‌ಸಿಂಕ್ ಅದನ್ನು ವಿಚಾರಿಸದೆ ಅಲ್ಲಿಯೇ ಸುರಿಯುತ್ತದೆ. 2023ರ ದಸರೆಯ ಸುಣ್ಣಬಣ್ಣದ ವೇಳೆ ಹೊರಗಿನ ಡಿಸ್ಕಿನ ಅಡಾಪ್ಟರನ್ನು ಕಿತ್ತವರು ಅಧ್ಯಾಪಕರೇ. ಅದು ಅವರಿಗೆ ಆಗ ನೆನಪಾಯಿತು. ಅಂದು ರಾತ್ರಿಯೇ ಪುಟ್ಟ ಡಿಸ್ಕು ತುಂಬಿ ನಕಲು ನಿಂತಿತ್ತು. ಹಂಚಿಕೆ ಮಾತ್ರ ನಡೆಯುತ್ತಿದ್ದುದರಿಂದ, ನಾಲ್ಕು ತಿಂಗಳು ಯಾರಿಗೂ ತಿಳಿಯಲಿಲ್ಲ.

ಇಂಥ ಹೊತ್ತಿನಲ್ಲಿ ಅವಸರದಿಂದ ಅಳಿಸುವುದೇ ದೊಡ್ಡ ಅಪಾಯ. ಅಡಾಪ್ಟರನ್ನು ಮೊದಲೇ ಸಿಕ್ಕಿಸಿದ್ದರೆ ಅದೇ ಹೆಸರಿನ ಫೋಲ್ಡರಿನಲ್ಲಿ ಹಳೆಯ ನಿಜವಾದ ಪ್ರತಿ ಬಂದು ಕುಳಿತಿರುತ್ತಿತ್ತು. ಅಳಿಸಿದರೆ ಅದೇ ಹೋಗುತ್ತಿತ್ತು. ಮೌಂಟ್ ಆಗಿಲ್ಲವೆಂಬುದನ್ನು ಎರಡು ಸಲ ಖಚಿತಪಡಿಸಿಕೊಂಡ ಮೇಲೆಯೇ ಅವರು ಆ ಅರ್ಧಂಬರ್ಧ ನಕಲನ್ನು ತೆಗೆದುಹಾಕಿದರು. ಪೆಟ್ಟಿಗೆಯನ್ನು ಮತ್ತೆ ಹಚ್ಚಿದಾಗ ಪುಟ ಬಂದಿತು. ಡಿಸ್ಕು ಕೂಡಿರದಿದ್ದರೆ ನಕಲೇ ನಡೆಯಕೂಡದೆಂಬ ಒಂದು ಸಾಲನ್ನು ರಾತ್ರಿಯ ಕೆಲಸಕ್ಕೆ ಸೇರಿಸಿದರು. ಗಂಟೆ ಹನ್ನೊಂದಾಗಿತ್ತು.

ಉಳಿದದ್ದು ಆಡಿದ ಮಾತು. ಒಂದೇ ಪೆಟ್ಟಿಗೆಯೊಳಗಿನ ಜೋಡಿ ಡಿಸ್ಕುಗಳು, ಒಂದು ಕೆಟ್ಟರೆ ಇನ್ನೊಂದು ಕಾಯಲೆಂದು ಇರುವಂಥವು. ಸಿಡಿಲು ಬಡಿದರೆ, ಕಳವಾದರೆ ಎರಡೂ ಕೂಡಿಯೇ ಹೋಗುತ್ತವೆ. "ಏನೂ ಕಳೆದಿಲ್ಲವಲ್ಲ ರೀ, ಈಗ ಹೇಳಿ ಅವರ ಮನಸ್ಸು ಕೆಡಿಸುವುದೇಕೆ?" ಎಂದರು ಪತ್ನಿ. ಆ ಪ್ರಶ್ನೆಯಲ್ಲಿ ಹುರುಳಿತ್ತು. ಆದರೆ ನಾಲ್ಕು ತಿಂಗಳು ತಮ್ಮನ ಮನೆಯವರು ನಿಶ್ಚಿಂತೆಯಿಂದಿದ್ದದ್ದು ಅವರ ಮಾತಿನ ಮೇಲೆ. ಹೇಳದಿದ್ದರೆ ಮುಂದೆಯೂ ಪರೀಕ್ಷಿಸದ ಮಾತಿನ ಮೇಲೆಯೇ ಇರುವರು. ಅಧ್ಯಾಪಕರಿಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಭಾನುವಾರ ಇಬ್ಬರಿಗೂ ಫೋನು ಮಾಡಿ, ಅಡಾಪ್ಟರು ಕಿತ್ತದ್ದನ್ನೂ ಸೇರಿಸಿ, ನಡೆದುದನ್ನೆಲ್ಲ ಹೇಳಿದರು. ತಮ್ಮ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅನಂತರ, "ಅಕ್ಟೋಬರಿನಿಂದಲೇ ಏನಣ್ಣಾ?" ಎಂದು ಕೇಳಿದ. ಹೌದೆಂದರು. ಶಿವಮೊಗ್ಗದ ತಂಗಿ ಬೇರೆ ಏನನ್ನೂ ಕೇಳದೆ, "ಒಂದು ಡಿಸ್ಕು ನಮ್ಮ ಮನೆಯಲ್ಲಿರಲಿ ಅಣ್ಣ" ಎಂದಳು.

ಅಂದಿನಿಂದ ಮೂರು ತಿಂಗಳಿಗೊಮ್ಮೆ, ಹಳೆಯ ಶಾಲಿನಲ್ಲಿ ಸುತ್ತಿದ ಡಿಸ್ಕೊಂದು ಅಧ್ಯಾಪಕರ ಕೈಚೀಲದಲ್ಲಿ ಶಿವಮೊಗ್ಗಕ್ಕೆ ಹೋಗುತ್ತದೆ. ತಂಗಿ ಅದನ್ನು ಒಡನೆಯೇ ಕಂಪ್ಯೂಟರಿಗೆ ಸಿಕ್ಕಿಸಿ, ಕೈಗೆ ಬಂದ ನಾಲ್ಕು ಚಿತ್ರಗಳನ್ನು ತೆರೆದು ನೋಡುತ್ತಾಳೆ. ಕಾಫಿ ಆಮೇಲೆ.