ನಮ್ಮವರು ಸುರಿದ ಮಣ್ಣು

2020ರ ಮೇ ತಿಂಗಳಲ್ಲಿ ಬೆಂಗಳೂರಿನ ಸ್ನೇಹಿತರೊಬ್ಬರು ಫೋನು ಮಾಡಿ ಅಭಿನಂದನೆ ಹೇಳಿದರು. ನಮ್ಮ ಕಾಸರಗೋಡು ಜಿಲ್ಲೆಯ ಆವರೆಗಿನ 178 ಕೊರೊನಾ ಸೋಂಕಿತರೂ ಗುಣವಾಗಿ, ಕೊನೆಯವರು ಮೇ 10ರಂದು ಆಸ್ಪತ್ರೆಯಿಂದ ಮನೆಗೆ ಹೋದ ಸುದ್ದಿ ಅವರಿಗೆ ಟಿವಿಯಲ್ಲಿ ಸಿಕ್ಕಿತ್ತು. "ಒಬ್ಬರೂ ಸಾಯಲಿಲ್ಲವಂತೆ, ಶಭಾಷ್!" ಎಂದರು. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಎರಡು ತಿಂಗಳು ಮನೆಯಲ್ಲಿ ಕೂತು ಹಲಸಿನ ಬೇಳೆ ಸುಲಿದದ್ದಷ್ಟೇ ನನ್ನ ಸೇವೆ. ಆದರೂ ಪುಕ್ಕಟೆ ಬಂದ ಶಭಾಷನ್ನು ಬೇಡ ಎನ್ನಲು ಮನಸ್ಸಾಗದೆ ತೆಗೆದುಕೊಂಡೆ.

ಫೋನು ಇಟ್ಟ ಮೇಲೆ ಸಿಟ್ಟು ಬಂತು. ಇವರು ನಮ್ಮೂರಿನ ಶಾಲೆಯ ಜಗಲಿಯಲ್ಲಿ ನವೆಂಬರ್ ಒಂದರಂದು ಭಾಷಣ ಮಾಡಿದವರು. ಚಂದ್ರಗಿರಿ ಹೊಳೆಯ ಬಡಗು ದಡದವರೆಗೆ ಕನ್ನಡದ ನೆಲ, ಗಡಿಯ ಬಗೆಗಿನ ಮಹಾಜನ ಆಯೋಗದ ವರದಿಯೇ ಸಾಕ್ಷಿ ಎಂದು ಮೈಕು ಒದರುವಷ್ಟು ಜೋರಾಗಿ ಹೇಳಿ, ಶಾಲು ಹೊದ್ದು, ಗಂಜಿಯೂಟ ಮಾಡಿ ಹೋದವರು. ಮಾರ್ಚ್ ಕೊನೆಯಲ್ಲಿ ಅವರೇ ವಾಟ್ಸಾಪಿನಲ್ಲಿ ಕಳಿಸಿದ ಸಂದೇಶ ನನ್ನ ಫೋನಿನಲ್ಲಿ ಈಗಲೂ ಉಂಟು. ಕೇರಳದ ಗಡಿಯನ್ನು ಭದ್ರವಾಗಿ ಮುಚ್ಚಿದ ಕರ್ನಾಟಕ ಸರ್ಕಾರಕ್ಕೆ ಸಾಲು ಸಾಲು ಮುಗಿದ ಕೈಗಳು. ಮುಚ್ಚಿದ ಗೋಡೆಯ ಹೊರಬದಿಗೆ ಬಿದ್ದದ್ದು ಅವರದೇ ಭಾಷಣದ ನೆಲ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ.

ಒಬ್ಬರೂ ಸಾಯಲಿಲ್ಲ ಎಂಬುದು ಕೊರೊನಾದ ಲೆಕ್ಕ. ರಸ್ತೆಯ ಲೆಕ್ಕ ಬೇರೆ. ಹೆದ್ದಾರಿಯ ಗಡಿಯಾದ ತಲಪಾಡಿಯಲ್ಲಿ ಆಂಬುಲೆನ್ಸುಗಳನ್ನು ತಡೆದು ಹಿಂದಕ್ಕೆ ಕಳಿಸಿದ ಆ ದಿನಗಳಲ್ಲಿ ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ಹಲವರು ದಾರಿಯಲ್ಲೋ ಮನೆಯಲ್ಲೋ ತೀರಿಕೊಂಡರು. ಹೊಟ್ಟೆಪಾಡಿಗೆ ಬಿಹಾರದಿಂದ ಬಂದಿದ್ದ ಹೆಂಗಸಿಗೆ ಆಂಬುಲೆನ್ಸಿನಲ್ಲೇ ಹೆರಿಗೆಯಾಯಿತು. ಮಂಜೇಶ್ವರದವರಿಗೆ ಮಂಗಳೂರು ಬದಿಯ ದೇರಳಕಟ್ಟೆಯ ಆಸ್ಪತ್ರೆ ಎಂದರೆ ಅರ್ಧ ಗಂಟೆಯ ದಾರಿ. ಅದನ್ನು ಬಿಟ್ಟು ತೆಂಕಕ್ಕೆ ಹೊರಟರೆ ಪರಿಯಾರಂ ಮೆಡಿಕಲ್ ಕಾಲೇಜಿಗೆ ಸುಮಾರು 90 ಕಿಲೋಮೀಟರು. ಎದೆನೋವು ಅಷ್ಟು ದೂರ ಕಾಯುವುದಿಲ್ಲ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ರಸ್ತೆ ಬಿಡಬೇಕೆಂದಿತು. ಕರ್ನಾಟಕ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಏಪ್ರಿಲ್ 7ರ ಹೊತ್ತಿಗೆ, ಕೊರೊನಾ ಅಲ್ಲದ ರೋಗಿಗಳು ಡಾಕ್ಟರ ಚೀಟಿ ತಂದರೆ ತಪಾಸಣೆ ಮಾಡಿ ಬಿಡುತ್ತೇವೆ ಎಂಬ ರಾಜಿಯಾಯಿತು. ನಮ್ಮ ಬಾಣಂತಿಯರು, ಡಯಾಲಿಸಿಸಿನವರು ದೇರಳಕಟ್ಟೆ ಮುಟ್ಟಬೇಕಾದರೆ ದೆಹಲಿಯನ್ನು ಸುತ್ತಿ ಬರಬೇಕಾಯಿತು.

ಹೆದ್ದಾರಿಯ ಸುದ್ದಿ ಪೇಪರಿನಲ್ಲಾದರೂ ಬಂತು. ಒಳರಸ್ತೆಗಳಿಗೆ ಬಿದ್ದ ಮಣ್ಣಿನ ಕತೆ ನಮ್ಮ ನಮ್ಮಲ್ಲೇ ಉಳಿಯಿತು. ಇಲ್ಲಿ ಗಡಿ ಎಂಬುದು ಒಬ್ಬರ ಅಡಿಕೆ ತೋಟದ ನಡುವೆ, ಇನ್ನೊಬ್ಬರ ಹಟ್ಟಿಯ ಹಿಂದೆ ಹಾದುಹೋಗುತ್ತದೆ. ಮನೆ ಇತ್ತ, ಹಾಲಿನ ಡಿಪೋ ಅತ್ತ. ಮಗಳನ್ನು ಕೊಟ್ಟ ಮನೆ ಕೂಗಳತೆಯಲ್ಲಿ, ರಾಜ್ಯ ಬೇರೆ. ರಾತ್ರಿ ಬೆಳಗಾಗುವುದರಲ್ಲಿ ಜೆಸಿಬಿ ಬಂದು ಮಣ್ಣು ಪೇರಿಸಿ ಹೋಗಿತ್ತು. ಬೀಡಿ ಕಟ್ಟುವ ಹೆಂಗಸರಿಗೆ ಎಲೆ, ಹೊಗೆಸೊಪ್ಪು ಬರುವುದು ಆ ಬದಿಯಿಂದ. ಬೀಡಿ ಕಂಪನಿಯ ಬ್ರಾಂಚು ಮುಚ್ಚಿತು, ಬೀಡಿ ಕಟ್ಟುವ ಸೂಪು ಮೂಲೆ ಸೇರಿತು, ವಾರದ ಖರ್ಚಿನ ಕಾಸು ನಿಂತಿತು. ಅಡಿಕೆ ಅಟ್ಟದಲ್ಲಿ, ಸಾಲ ಸೊಸೈಟಿಯಲ್ಲಿ, ಮಗ ದುಬೈಯ ರೂಮಿನಲ್ಲಿ. ಎಲ್ಲವೂ ಎಲ್ಲಿತ್ತೋ ಅಲ್ಲೇ.

ನಮ್ಮ ಮನೆಯ ತಾಪತ್ರಯ ಅಮ್ಮನ ಮದ್ದಿನದು. ಅಮ್ಮನ ಹೃದಯ ಹಲವು ವರ್ಷಗಳಿಂದ ಮಂಗಳೂರಿನ ಡಾಕ್ಟರೊಬ್ಬರ ಸುಪರ್ದಿಯಲ್ಲಿದೆ. ಆ ಡಾಕ್ಟರು ಒಳ್ಳೆಯವರು, ವಾಟ್ಸಾಪಿನಲ್ಲೇ ಚೀಟಿ ಬರೆದು ಕಳಿಸಿದರು. ಆದರೆ ಅವರು ಬರೆಯುವ ಮಾತ್ರೆ ನಮ್ಮ ಪೇಟೆಯ ಮೆಡಿಕಲ್ಲಿನಲ್ಲಿ ಇರಲಿಲ್ಲ. ಮಣ್ಣಿನ ಆಚೆ ಬಂದು ಮದ್ದಿನ ಕಟ್ಟು ಕೊಡಲು ಭಾವ ತಯಾರಿದ್ದ. ನಾನು ನಮ್ಮೂರ ಒಳರಸ್ತೆಯ ಕೊನೆಯವರೆಗೆ ಹೋದೆ. ಆ ಬದಿಯಲ್ಲಿ ಕಾವಲಿಗಿದ್ದ ಎಳೆಯ ಪೊಲೀಸಿನವನಿಗೆ ಎಲ್ಲವನ್ನೂ ವಿವರಿಸಿದೆ. ನನ್ನ ಕನ್ನಡದ ಬಗ್ಗೆ ನನಗೆ ಸ್ವಲ್ಪ ಜಂಬ ಉಂಟು. ಗಡಿನಾಡಿನವರು ಕನ್ನಡ ಮಾತಾಡುವಾಗ ಪರೀಕ್ಷೆಗೆ ಕೂತವರ ಹಾಗೆ ಶುದ್ಧವಾಗಿ ಮಾತಾಡುತ್ತೇವೆ. ಅವನು ಪೂರ್ತಿ ಕೇಳಿ, "ಆಧಾರ್ ತೋರಿಸಿ" ಎಂದ. ತೋರಿಸಿದೆ. ಅದರಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಮನೆಯ ಹೆಸರು ಎಲ್ಲ ಮಲಯಾಳದಲ್ಲಿ ದುಂಡಗೆ ಕೂತಿದ್ದವು. "ನಾವೂ ಕನ್ನಡದವರೇ ಸಾರ್" ಎಂದೆ. ಅವನು ಕಾರ್ಡು ನೋಡಿದ, ನನ್ನನ್ನು ನೋಡಿದ. "ಕೇರಳದವರಿಗೆ ಇಲ್ಲ ಅಂತ ಆರ್ಡರ್ ಉಂಟು" ಎಂದ. ಭಾವ ದೂರದಲ್ಲಿ ಕಟ್ಟು ಹಿಡಿದು ನಿಂತಿದ್ದವನು ಹಾಗೇ ತಿರುಗಿ ಹೋದ. ಪಾಪ, ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನಿಗೆ ಕೊಟ್ಟ ಆರ್ಡರಿನಲ್ಲಿ ನಮ್ಮಂಥವರಿಗೆ ಜಾಗವೇ ಇರಲಿಲ್ಲ.

ಅದೇ ವಾರ ಇತ್ತ ಬದಿಯ ಪೊಲೀಸರಿಗೂ ಸಿಕ್ಕಿಬಿದ್ದೆ. ಆಗ ಮನೆಯಿಂದ ಹೊರಬಿದ್ದರೆ ಯಾಕೆ, ಎಲ್ಲಿಗೆ ಎಂದು ಬರೆದ ಸತ್ಯವಾಙ್ಮೂಲ ಕೈಯಲ್ಲಿರಬೇಕಿತ್ತು. ಅದರ ನಮೂನೆ ಮಲಯಾಳದಲ್ಲಿ. ನನಗೆ ಮಲಯಾಳ ಮಾತಾಡಲು ಬರುತ್ತದೆ, ಬಸ್ಸಿನ ಬೋರ್ಡು ಓದಲೂ ಬರುತ್ತದೆ, ಬರೆಯಲು ಮಾತ್ರ ಕೈ ಏಳುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಹಕ್ಕು ಇಂಥ ಹೊತ್ತಿಗಲ್ಲದೆ ಇನ್ನೆಂದಿಗೆ ಎಂದು ಹಾಳೆಯ ತುಂಬ ಕನ್ನಡದಲ್ಲೇ ಬರೆದುಕೊಂಡು ಹೋದೆ. ತಡೆದ ಪೊಲೀಸ್ ತೆಂಕಣ ಜಿಲ್ಲೆಯಿಂದ ಡ್ಯೂಟಿಗೆ ಬಂದವನು, ಮಾಸ್ಕಿನ ಮೇಲೆ ಬರೀ ಬೆವರು. ಹಾಳೆಯನ್ನು ತಲೆಕೆಳಗಾಗಿ ಹಿಡಿದು ನೋಡಿದ, ಸರಿಯಾಗಿ ಹಿಡಿದು ನೋಡಿದ. "ಇದೆಂದಾ ಚೇಟ್ಟಾ?" ಎಂದ. ಕನ್ನಡ ಎಂದೆ. ಓದಿ ಹೇಳಿ ಎಂದ. ಅಮ್ಮನ ಕಾಯಿಲೆಯಿಂದ ಹಿಡಿದು ಮಾತ್ರೆಯ ಹೆಸರಿನವರೆಗೆ ಮಲಯಾಳದಲ್ಲಿ ಹೇಳಿದೆ. ನಾನು ಏನು ಬರೆದು ಏನು ಓದುತ್ತಿದ್ದೇನೆಂದು ತಿಳಿಯಲು ಅವನಿಗೆ ದಾರಿಯೇ ಇರಲಿಲ್ಲ. ಆ ಹಾಳೆಯಲ್ಲಿ ನಾನು ಯಕ್ಷಗಾನದ ಪ್ರಸಂಗ ಬರೆದಿದ್ದರೂ ನಡೆಯುತ್ತಿತ್ತು. ಕೈಬರಹ ಚೆನ್ನಾಗಿದೆ ಎಂದು ಹೊಗಳಿ ಬಿಟ್ಟುಬಿಟ್ಟ. ಹೊರಡುವಾಗ, ಮದ್ದು ಸಿಗದಿದ್ದರೆ 101ಕ್ಕೆ ಫೋನು ಮಾಡಿ, ಫೈರ್ ಫೋರ್ಸಿನವರು ತಂದುಕೊಡುತ್ತಾರೆ ಎಂದೂ ಹೇಳಿದ.

ನನ್ನ ಕನ್ನಡ ಪೂರ್ತಿ ಅರ್ಥವಾದವನು ನನ್ನನ್ನು ನಂಬಲಿಲ್ಲ, ಒಂದಕ್ಷರ ಓದಲಾಗದವನು ನಂಬಿದ. ಆ ಲಾಕ್‌ಡೌನಿನಲ್ಲಿ ನನ್ನ ನಿದ್ದೆ ಕೆಡಿಸಿದ್ದು ಇದೇ.

ಮದ್ದು ನಿಜವಾಗಿಯೂ ಬಂತು. ಕಣ್ಣೂರಿನಲ್ಲಿ ಕೊಂಡು, ಒಂದು ಫೈರ್ ಸ್ಟೇಶನ್ನಿನಿಂದ ಇನ್ನೊಂದಕ್ಕೆ ದಾಟಿಸುತ್ತ ತಂದಿದ್ದರು. ಅಂಗಳದಲ್ಲಿ ಕೆಂಪು ಜೀಪು ನಿಂತಾಗ ಅಮ್ಮ ಗಾಬರಿಯಿಂದ ಮಾಡು ನೋಡಿದಳು, ಎಲ್ಲಿ ಹೊತ್ತಿಕೊಂಡಿತೋ ಎಂದು. ತಂದ ಹುಡುಗ ದೂರದಲ್ಲೇ ನಿಂತು, ಮಾತ್ರೆಯನ್ನು ಊಟವಾದ ಮೇಲೆ ನುಂಗಬೇಕೆಂದು ಮಲಯಾಳದಲ್ಲಿ ಮತ್ತೆ ಮತ್ತೆ ಹೇಳಿದ. ಊಟ ಮಾಡಿಯೇ ಹೋಗಬೇಕೆಂದು ಅಮ್ಮ ತುಳುವಿನಲ್ಲಿ ಮತ್ತೆ ಮತ್ತೆ ಹೇಳಿದಳು. ಇಬ್ಬರೂ ಊಟದ ವಿಷಯವನ್ನೇ ಮಾತಾಡುತ್ತಿದ್ದರಿಂದ ಇಬ್ಬರಿಗೂ ತೃಪ್ತಿಯಾಯಿತು.

ಇಷ್ಟಕ್ಕೇ ನಾನು ಮಲಯಾಳಿಗಳ ಭಜನೆಗೆ ಕೂತೆ ಎಂದು ಯಾರೂ ತಿಳಿಯಬೇಡಿ. ಅವರ ಒಳ್ಳೆಯತನವೂ ಮಲಯಾಳದಲ್ಲೇ ಬರುತ್ತದೆ, ನಮ್ಮ ಅನುಕೂಲಕ್ಕೆ ಒಂದು ಸಾಲು ಬದಲಾಗುವುದಿಲ್ಲ. ರೇಶನಿನಲ್ಲಿ ಎಲ್ಲರಿಗೂ 17 ಬಗೆಯ ಸಾಮಾನಿನ ಕಿಟ್ ಕೊಟ್ಟರು. ಹೆಸರುಕಾಳು, ರವೆ, ತೆಂಗಿನೆಣ್ಣೆ, ಸಾಬೂನು, ಎಲ್ಲ ಇತ್ತು. ಬೀಡಿ ನಿಂತ ಮನೆಗಳಲ್ಲಿ ಒಲೆ ಹೊತ್ತಿದ್ದು ಅದರಿಂದಲೇ. ಆದರೆ ಯಾವ ಕಾರ್ಡಿಗೆ ಯಾವಾಗ ಎಂಬ ಚೀಟಿಯನ್ನು ಅಂಗಡಿಯ ಬಾಗಿಲಿಗೆ ಮಲಯಾಳದಲ್ಲಿ ಅಂಟಿಸಿದ್ದರು. ಪೈವಳಿಕೆ, ವರ್ಕಾಡಿ ಕಡೆಯ ಅಜ್ಜಂದಿರು ಬಿಸಿಲಲ್ಲಿ ಬಂದು, ತಮ್ಮ ಸರದಿ ಇವತ್ತಲ್ಲ ಎಂದು ತಿಳಿದು, ಬಿಸಿಲಲ್ಲೇ ವಾಪಸು ಹೋದರು. ಕ್ವಾರಂಟೈನಿನ ಮನೆಯ ಗೋಡೆಗೆ ಅಂಟಿಸಿದ ಕಾಗದವೂ ಮಲಯಾಳದಲ್ಲಿ. ಅದನ್ನು ಓದಿಸಲು ಆ ಮನೆಯವರು ಪಕ್ಕದ ಮನೆಯವರನ್ನು ಕರೆದರಂತೆ. ಹತ್ತಿರ ಬರಬೇಡಿ ಎಂದು ಬರೆದದ್ದನ್ನು ತಿಳಿಯಲು ಹತ್ತಿರ ಬಂದು ಓದಬೇಕಾಯಿತು. ಕೊನೆಗೆ ಊರಿನ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಳುವಿನಲ್ಲಿ, ಕನ್ನಡದಲ್ಲಿ, ಬ್ಯಾರಿಯಲ್ಲಿ ಹೇಳಿ ಸರ್ಕಾರದ ಮರ್ಯಾದೆ ಉಳಿಸಿದರು.

ಆಗ ಸಂಜೆ ಆರಕ್ಕೆ ಕೇರಳದ ಮುಖ್ಯಮಂತ್ರಿಗಳ ಪತ್ರಿಕಾಗೋಷ್ಠಿ. ಅಮ್ಮ ಅದನ್ನು ಧಾರಾವಾಹಿಯ ಹಾಗೆ ತಪ್ಪದೆ ನೋಡಿದಳು. ಅವಳಿಗೆ ಮಲಯಾಳ ಬಾರದು. ಕಾಸರಗೋಡು ಎಂಬ ಹೆಸರು, ಅದರ ಹಿಂದುಮುಂದಿನ ಸಂಖ್ಯೆ, ಅಷ್ಟನ್ನೇ ಹೆಕ್ಕಿಕೊಳ್ಳುತ್ತಿದ್ದಳು. ಮಾರ್ಚ್ 27ರಂದು ರಾಜ್ಯದ 39 ಹೊಸ ಪ್ರಕರಣಗಳಲ್ಲಿ ನಮ್ಮ ಜಿಲ್ಲೆಯದೇ 34. ಅಂದು ಅವಳು ಟಿವಿ ಆರಿಸಿ ದೇವರ ಕೋಣೆಗೆ ಹೋದಳು. ಅರ್ಥವಾಗುವ ಭಾಷೆಯ ಸುದ್ದಿ ನೋಡು ಎಂದು ನಾನು ಕನ್ನಡ ಚಾನೆಲ್ ಹಾಕಿಕೊಟ್ಟೆ. ಅಲ್ಲಿ ನಮ್ಮ ಊರನ್ನು ಕೆಂಪು ವೃತ್ತದೊಳಗೆ ಹಾಕಿ, ಈ ಕಡೆಯಿಂದ ಯಾರೂ ನುಸುಳದಂತೆ ಎಚ್ಚರಿಸುತ್ತಿದ್ದರು. ಅಮ್ಮ ಪುನಃ ಮಲಯಾಳಕ್ಕೆ ಹೋದಳು. "ಅವರು ಬೈಯುವುದಿಲ್ಲ" ಎಂದಳು.

ಅಮ್ಮನ ಮಾತಿಗೆ ತಲೆದೂಗಿದರೂ ನನ್ನ ಹಟ ಹೋಗಿಲ್ಲ. ಕನ್ನಡ ನನಗೆ ಸರ್ಕಾರ ಕೊಟ್ಟದ್ದಲ್ಲ. ಹಾಗಾಗಿ ಒಂದು ಸರ್ಕಾರ ಮಣ್ಣು ಸುರಿಯಿತೆಂದು ಅದನ್ನು ಬಿಡಲೂ ಆಗುವುದಿಲ್ಲ. ಆದರೆ ಒಂದು ಲೆಕ್ಕ ಮಾತ್ರ ಸರಿಪಡಿಸಿಕೊಳ್ಳಬೇಕು. 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ನಾವು ನಮ್ಮ ಅಹವಾಲುಗಳನ್ನೆಲ್ಲ ಬಡಗು ದಿಕ್ಕಿಗೆ ಮುಖ ಮಾಡಿ ಹೇಳಿಕೊಂಡೆವು, ಅಲ್ಲಿ ಕೇಳುವವರಿದ್ದಾರೆಂಬ ಭರವಸೆಯಲ್ಲಿ. ಹತ್ತಿರದಲ್ಲಿ ಮಂಗಳೂರು ಇದ್ದದ್ದರಿಂದ ಇಲ್ಲೊಂದು ದೊಡ್ಡ ಆಸ್ಪತ್ರೆ ಬೇಕೆಂದು ತಿರುವನಂತಪುರದ ಕುತ್ತಿಗೆ ಹಿಡಿದು ಕೇಳಲಿಲ್ಲ. ನಮ್ಮ ಜಿಲ್ಲೆಯದೇ ಆದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಬಿದ್ದದ್ದು 2013ರಲ್ಲಿ. ವರ್ಷಗಟ್ಟಲೆ ಕಾಡು ಬೆಳೆದರೂ ನಾವು ಮಂಗಳೂರು ಬಸ್ಸು ಹತ್ತುತ್ತಾ ಸುಮ್ಮನಿದ್ದೆವು. ಬಸ್ಸು ನಿಂತ ಮೇಲೆ, 2020ರ ಏಪ್ರಿಲಿನಲ್ಲಿ, ಅದೇ ಕಟ್ಟಡ ಕೆಲವೇ ದಿನಗಳಲ್ಲಿ ಕೊರೊನಾ ಆಸ್ಪತ್ರೆಯಾಯಿತು. ಮನಸ್ಸು ಮಾಡಿದರೆ ಆಗುತ್ತದೆ ಎಂದಾಯಿತಲ್ಲ? ಅದೇ ವರ್ಷ ತೆಕ್ಕಿಲಿನಲ್ಲಿ ಟಾಟಾದವರು ಇನ್ನೊಂದು ಆಸ್ಪತ್ರೆ ಕಟ್ಟಿದರು. ಕೊರೊನಾ ಹೋದ ಮೇಲೂ ಇಂಥ ಆಸ್ಪತ್ರೆಗಳ ಬಾಗಿಲು ತೆರೆದಿರಬೇಕು, ಅಲ್ಲಿನ ಚೀಟಿ, ಬೋರ್ಡು, ಕೌಂಟರಿನ ಮಾತು ಕನ್ನಡದಲ್ಲೂ ಇರಬೇಕು. ಇದನ್ನು ಕೇಳಬೇಕಾದದ್ದು ಇಲ್ಲಿ, ಈ ಸರ್ಕಾರದಲ್ಲಿ, ದಾಕ್ಷಿಣ್ಯವಿಲ್ಲದೆ. ಕಿಟ್ ಕೊಟ್ಟರೆಂಬ ಮುಲಾಜಿಗೆ ಬಿದ್ದರೆ ಕೆಟ್ಟೆವು.

ಬೆಂಗಳೂರಿನ ಸ್ನೇಹಿತರು ಫೋನು ಇಡುವ ಮೊದಲು, ರೋಗ ಇಳಿದರೆ ನವೆಂಬರಿಗೆ ಪುನಃ ಬರುತ್ತೇನೆ ಎಂದಿದ್ದರು. ಬರಲಿ. ಶಾಲು, ಗಂಜಿಯೂಟಕ್ಕೆ ಕೊರತೆಯಿಲ್ಲ. ಭಾಷಣದ ವಿಷಯವನ್ನು ಮಾತ್ರ ಈ ಬಾರಿ ನಾವೇ ಕೊಡುತ್ತೇವೆ: ತಲಪಾಡಿ ರಸ್ತೆ, ಮಾರ್ಚ್ ಮತ್ತು ಏಪ್ರಿಲ್. ಚಂದ್ರಗಿರಿಯ ವಿಚಾರ ಆಮೇಲೆ, ಸಮಯ ಉಳಿದರೆ.