ದೇವಿಮನೆಯ ಏರು

2025ರ ಅಕ್ಟೋಬರ್ 23ರಂದು ಪ್ಯಾರಿಸ್ಸಿನಲ್ಲಿ ಮುಂದಿನ ವರ್ಷದ ಟೂರ್ ದ ಫ್ರಾನ್ಸ್ ಹಾದಿಯನ್ನು ಪ್ರಕಟಿಸಿದರು. ಬಾರ್ಸಿಲೋನಾದಲ್ಲಿ ಶುರು, 21 ಹಂತ, 3,333 ಕಿಲೋಮೀಟರ್, ಎಲ್ಲ ಸೇರಿ 54,450 ಮೀಟರ್ ಏರು. ಪಿರೆನೀಸಿನಿಂದ ಹಿಡಿದು ಆಲ್ಪ್ಸ್‌ವರೆಗೆ ಐದು ಪರ್ವತಸಾಲುಗಳನ್ನು ಹತ್ತಿಳಿಯಬೇಕು. ಕೊನೆಗೆ 19 ಮತ್ತು 20ನೇ ಹಂತಗಳೆರಡೂ ಆಲ್ಪ್ ದುಯೆಜ್ ಎಂಬ ಒಂದೇ ಗುಡ್ಡದ ತುದಿಯಲ್ಲಿ ಮುಗಿಯುತ್ತವೆ. ಆ ಸಂಜೆ ಕುಮಟೆಯ ಚಾ ಹೋಟೆಲಿನಲ್ಲಿ ನಾಲ್ಕೈದು ಹುಡುಗರು ಮೊಬೈಲನ್ನು ಟೇಬಲ್ಲಿನ ನಡುವೆ ಇಟ್ಟುಕೊಂಡು ವಾದಕ್ಕೆ ಬಿದ್ದಿದ್ದರು. ಒಬ್ಬ ಬ್ಯಾಂಕಿನವ, ಒಬ್ಬ ಔಷಧಿ ಅಂಗಡಿಯವ, ಒಬ್ಬ ಕಾಲೇಜಿನಲ್ಲಿ ಪಾಠ ಮಾಡುವವ. ಭಾನುವಾರ ಬೆಳಗಾದರೆ ಗೇರ್ ಸೈಕಲ್ ಹತ್ತಿ, ಕತಗಾಲ ದಾಟಿ ದೇವಿಮನೆ ಘಟ್ಟಕ್ಕೆ ಹೋಗುವವರು.

"ಎಂತ ಮಾರಾಯಾ, ಒಂದೇ ಗುಡ್ಡ ಎರಡ್ ದಿವ್ಸ ಹತ್ತೂದಾ? ಬೇರೆ ಗುಡ್ಡ ಸಿಕ್ಲಿಲ್ವಾ ಇವ್ರಿಗೆ?"

"ಗುಡ್ಡ ಒಂದೇ, ದಾರಿ ಒಂದೇ ಅಲ್ಲ. ಎರಡನೇ ದಿನ ಗಾಲಿಬಿಯೇ ಹತ್ತಿ ಇಳ್ದು, ಸರೆನ್ ಘಟ್ಟದ ಮೇಲೆ ಹಿಂಬದಿಯಿಂದ ಬರ್ತಾರೆ. ಅಷ್ಟೊತ್ತಿಗೆ ಕಾಲು ಸತ್ತಿರ್ತದೆ."

"ಯಾರ ಕಾಲು ಸತ್ರೂ ಪೊಗಾಚಾರ್ ಕಾಲು ಸಾಯೂದಿಲ್ಲ."

ಸಮಯದ ವಿರುದ್ಧ ಒಬ್ಬೊಬ್ಬರೇ ತುಳಿಯುವ ಹಂತ ಒಂದೇ ಇದೆ, ಅದೂ ಬರೀ 26 ಕಿಲೋಮೀಟರ್, ಹಾಗಾಗಿ ಇದು ಘಟ್ಟ ಹತ್ತುವವರಿಗೆಂದೇ ಮಾಡಿದ ಹಾದಿ ಎಂದು ಒಬ್ಬನ ದೂರು. ಕೊನೆಯ ವಾರದವರೆಗೂ ಕುತೂಹಲ ಉಳಿಯುತ್ತದಲ್ಲ, ಅದೇ ಒಳ್ಳೆಯದು ಎಂದು ಇನ್ನೊಬ್ಬ. ಅವರಲ್ಲೊಬ್ಬ ನನ್ನ ಹಳೇ ವಿದ್ಯಾರ್ಥಿ. "ಮಾಸ್ತರ್ರೇ, ನಿಮ್ಮ ಕಾಲದಲ್ಲಿ ಸೈಕಲ್ ರೇಸು ಇತ್ತಾ ಇಲ್ಲಿ?" ಎಂದು ಕೇಳಿದ. ಇತ್ತು ಎಂದೂ ಹೇಳಲಾಗದು, ಇರಲಿಲ್ಲ ಎಂದೂ ಹೇಳಲಾಗದು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾನು ಹುಡುಗನಾಗಿದ್ದಾಗ ಹೊನ್ನಾವರದಲ್ಲಿ ಸ್ವಂತ ಸೈಕಲ್ ಇದ್ದವರು ಕಡಿಮೆ. ಬಾಡಿಗೆ ಸೈಕಲ್ ಅಂಗಡಿಗಳಿದ್ದವು. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಅಂಗಡಿಯವರು ಪುಸ್ತಕದಲ್ಲಿ ಹೆಸರು, ಅಪ್ಪನ ಹೆಸರು, ಹೊರಟ ಹೊತ್ತು ಬರೆದುಕೊಂಡು ಸೈಕಲ್ ಕೊಡುತ್ತಿದ್ದರು. ಗಂಟೆಯ ಲೆಕ್ಕದಲ್ಲಿ ದುಡ್ಡು, ಪಂಕ್ಚರ್ ಆದರೆ ನಮ್ಮದೇ ಖರ್ಚು. ಅಟ್ಲಾಸ್, ಹರ್ಕ್ಯುಲಿಸ್, ಹೀರೋ, ಎಲ್ಲ ದೊಡ್ಡವರ ಅಳತೆಯವು. ಸೀಟಿಗೆ ಕಾಲು ಎಟುಕದ ಹುಡುಗರು ಅಡ್ಡ ಪೈಪಿನ ಕೆಳಗಿನಿಂದ ಒಂದು ಕಾಲು ತೂರಿಸಿ, ಸೊಂಟ ಓರೆ ಮಾಡಿ ಅರ್ಧರ್ಧ ಪೆಡಲು ತುಳಿಯುತ್ತಿದ್ದೆವು. ಮೊಣಕಾಲಿನ ಚರ್ಮ ಹೋಗದೆ ಸೈಕಲ್ ಕಲಿತವರು ಯಾರೂ ಇರಲಿಲ್ಲ. ಹೆಣ್ಣುಮಕ್ಕಳು ಕಲಿಯುತ್ತಲೇ ಇರಲಿಲ್ಲ. ಆ ಕಾಲ ಚೆನ್ನಾಗಿತ್ತು ಎನ್ನುವವರು ಇದನ್ನು ಮರೆಯುತ್ತಾರೆ.

ಸೈಕಲ್ ಆಗ ಹೊರೆ ಹೊರುವ ವಾಹನ. ಕ್ಯಾರಿಯರಿಗೆ ಮೀನಿನ ಬುಟ್ಟಿ ಬಿಗಿದು, ರಬ್ಬರ್ ಹಾರ್ನ್ ಒತ್ತುತ್ತ ಕರ್ಕಿ, ಹಳದೀಪುರದ ಕಡೆ ಹೋಗುವವರು, ಐಸ್ ಕ್ಯಾಂಡಿ ಪೆಟ್ಟಿಗೆಯವರು, ಭಟ್ಕಳದ ಕೇರಿಗಳಲ್ಲಿ ಬೆಳಗಿನ ಹೊತ್ತು ಬ್ರೆಡ್ಡು, ಬಟರ್ ಮಾರುವವರು. ಕಾಸರಕೋಡಿನ ಕಡೆಯಿಂದ ಒಣಮೀನು ಒಯ್ಯುವ ಒಬ್ಬರಿದ್ದರು. ಮೀನಿನ ಮೂಟೆಯನ್ನೂ ಸೈಕಲನ್ನೂ ಬಸ್ಸಿನ ಟಾಪಿಗೆ ಹಾಕಿ ಗೇರುಸೊಪ್ಪೆ ಘಟ್ಟ ಹತ್ತಿಸಿ, ಸಿದ್ದಾಪುರದ ಕಡೆ ವ್ಯಾಪಾರ ಮುಗಿಸಿ, ಇಳಿಯುವಾಗ ಮಾತ್ರ ಸೈಕಲ್ ಮೇಲೆ ಬರುತ್ತಿದ್ದರು. ಇಳಿಯುವ ಮುಂಚೆ ಒಂದು ಸೊಪ್ಪಿನ ಕೊಂಬೆ ಕಡಿದು ಹಗ್ಗದಿಂದ ಕ್ಯಾರಿಯರಿಗೆ ಕಟ್ಟುತ್ತಿದ್ದರು. ಕೊಂಬೆ ರಸ್ತೆಗೆ ತಿಕ್ಕುತ್ತ ಹಿಂದಕ್ಕೆ ಜಗ್ಗುತ್ತದೆ, ಸೈಕಲ್ ಓಡಿಹೋಗುವುದಿಲ್ಲ. ಸರಳಿನ ಬ್ರೇಕು ಘಟ್ಟಕ್ಕೆ ಸಾಕಾಗುತ್ತಿರಲಿಲ್ಲ. ರಬ್ಬರಿನ ಕಟ್ಟೆ ರಿಮ್ಮಿಗೆ ತಿಕ್ಕಿ ಕಾದು ಸುಟ್ಟ ವಾಸನೆ ಬರುತ್ತಿತ್ತು, ಮಳೆಗಾಲದಲ್ಲಂತೂ ಹಿಡಿಯುತ್ತಲೇ ಇರಲಿಲ್ಲ. ಹತ್ತುವಾಗ ಸೈಕಲ್ ದೂಡುವುದು, ಇಳಿಯುವಾಗ ಜೀವ ಹಿಡಿದು ಕೂರುವುದು, ಘಟ್ಟದ ಸೈಕ್ಲಿಂಗ್ ಎಂದರೆ ನಮಗೆ ಇಷ್ಟೇ ಗೊತ್ತಿದ್ದದ್ದು. ಅದರಲ್ಲಿ ಯಾವ ಆಟವೂ ಇರಲಿಲ್ಲ.

ಆದರೆ ಸೈಕಲ್ ನೋಡುವ ಜನ ಇದ್ದರು. ನಿಲ್ಲದೆ ಸೈಕಲ್ ತುಳಿಯುವವ ಊರಿಗೆ ಬಂದರೆ ಸಾಕು, ಶಾಲೆಯ ಬಯಲು ತುಂಬುತ್ತಿತ್ತು. ನಡುವೆ ಒಂದು ಕಂಬ, ಅದಕ್ಕೆ ಮೈಕು, ಬಲ್ಬಿನ ಸರ, ದಿನವಿಡೀ ಸಿನಿಮಾ ಹಾಡು. ಅವನು ವಾರಗಟ್ಟಲೆ ಕೆಳಗಿಳಿಯದೆ ಸುತ್ತು ಹಾಕಬೇಕು. ಊಟ ಸೈಕಲ್ ಮೇಲೇ, ಹಲ್ಲುಜ್ಜುವುದೂ ಮೇಲೇ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಕೊಡ ಎತ್ತಿ ತಲೆಗೆ ನೀರು ಸುರಿದುಕೊಳ್ಳುವುದೂ ಮೇಲೇ. ಸಂಜೆ ಸೀಟಿನ ಮೇಲೆ ನಿಲ್ಲುವುದು, ಎದೆಗೆ ಟ್ಯೂಬ್‌ಲೈಟ್ ಒಡೆದುಕೊಳ್ಳುವುದು. ಜನ ಹತ್ತರ ನೋಟನ್ನು ಅಂಗಿಗೆ ಪಿನ್ನು ಮಾಡುತ್ತಿದ್ದರು. ಇಡೀ ಊರಿಗಿದ್ದ ಪ್ರಶ್ನೆ ಒಂದೇ: ನಡುರಾತ್ರಿ ಯಾರೂ ಇಲ್ಲದಾಗ ಇಳಿಯುತ್ತಾನೋ ಇಲ್ಲವೋ? ಅದನ್ನು ಪರೀಕ್ಷಿಸಲೆಂದೇ ಎರಡು ಗಂಟೆಗೆ ಟಾರ್ಚು ಹಿಡಿದು ಹೋಗುವವರಿದ್ದರು. ಒಮ್ಮೆ ದೊಡ್ಡವರ ಜೊತೆ ನಾನೂ ಹೋಗಿದ್ದೆ. ಹಾಡು ನಿಂತಿತ್ತು. ಅವನು ಹ್ಯಾಂಡಲ್ ಮೇಲೆ ಗದ್ದ ಊರಿ, ಕಣ್ಣು ಅರೆ ಮುಚ್ಚಿ, ನಡಿಗೆಗಿಂತ ನಿಧಾನಕ್ಕೆ ತಿರುಗುತ್ತಲೇ ಇದ್ದ. ಪಾದ ಬಾತು ಚಪ್ಪಲಿಯ ಪಟ್ಟಿ ಹರಿದಿತ್ತು. ಅದು ಹೊಟ್ಟೆಪಾಡು. ಮುಗಿಸಿ ಹೋಗುವಾಗ ಅವನ ಕೈಗೆ ಉಳಿದದ್ದು ಎಷ್ಟೋ, ಮೈಕಿನವರಿಗೆ ಕೊಟ್ಟದ್ದು ಎಷ್ಟೋ. ಮೂರು ವಾರ ಕಾಲು ಬಿಡದೆ ತುಳಿಯುವ ಫ್ರಾನ್ಸಿನ ಸವಾರರನ್ನು ಟಿ.ವಿ.ಯಲ್ಲಿ ನೋಡುವಾಗೆಲ್ಲ ನನಗೆ ಆ ಮನುಷ್ಯನ ಪಾದ ನೆನಪಾಗುತ್ತದೆ. ಅವನಿಗೆ ಡಾಕ್ಟರೂ ಇರಲಿಲ್ಲ, ಗೆದ್ದರೆ ಬರೆದಿಡುವವರೂ ಇರಲಿಲ್ಲ.

ಸ್ಪರ್ಧೆ ಎಂಬುದು ಚೌತಿಯ ಹೊತ್ತಿಗೆ, ಆಗಸ್ಟ್ 15ಕ್ಕೆ ಯುವಕ ಮಂಡಲದವರು ಮಾಡುವ ನಿಧಾನ ಸೈಕಲ್ ಓಟ. ಕಾಲು ಊರದೆ ಕೊನೆಗೆ ಬಂದವನಿಗೆ ಬಹುಮಾನ, ಬಹುಮಾನವೆಂದರೆ ಸ್ಟೀಲ್ ಲೋಟ. ವೇಗದ ಓಟಕ್ಕೆ ಜಾಗವೇ ಇರಲಿಲ್ಲ. ಇದ್ದದ್ದು ಒಂದು ಹೆದ್ದಾರಿ, ಅದರ ಮೇಲೆ ಲಾರಿ. ವರ್ಷಕ್ಕೆ 3,000 ಮಿಲಿಮೀಟರ್ ಮೀರುವ ಮಳೆಯಲ್ಲಿ ನಾಲ್ಕು ತಿಂಗಳು ಆ ರಸ್ತೆಯೂ ಹೊಂಡ. ನಮ್ಮ ಹುಡುಗರ ಕಸುವೆಲ್ಲ ವಾಲಿಬಾಲಿಗೆ, ಕಬಡ್ಡಿಗೆ ಹೋಯಿತು. ರಾಜ್ಯಕ್ಕೆ ಸೈಕ್ಲಿಸ್ಟರನ್ನು ಕೊಟ್ಟದ್ದು ವಿಜಯಪುರ, ಬಾಗಲಕೋಟೆ, ಗದಗ. ಅವರಿಗೆ ನೆಟ್ಟಗಿನ ರಸ್ತೆ ಇತ್ತು, ಎದುರುಗಾಳಿ ಇತ್ತು, ಆಮೇಲೆ ಕ್ರೀಡಾನಿಲಯವೂ ತರಬೇತುದಾರರೂ ಬಂದರು. ದೇಶದ ಸ್ಪರ್ಧೆಗಳಲ್ಲಿ ಆ ಕಡೆಯ ಹುಡುಗ ಹುಡುಗಿಯರು ಪದಕ ತಂದಾಗ ಪತ್ರಿಕೆಯಲ್ಲಿ ಓದುತ್ತಿದ್ದೆವು. ಘಟ್ಟವೇ ಇಲ್ಲದ ಸೀಮೆಯವರು ಸವಾರರಾದರು, ಮನೆ ಹಿಂದೆಯೇ ಸಹ್ಯಾದ್ರಿ ಇದ್ದ ನಮ್ಮಲ್ಲಿ ಅಂಥ ಒಬ್ಬರೂ ಕಾಣಿಸಲಿಲ್ಲ. ಘಟ್ಟವನ್ನು ಯಾರೂ ಆಟದ ಬಯಲು ಎಂದು ನೋಡಲಿಲ್ಲ, ಕಲಿಸುವವರೂ ಬರಲಿಲ್ಲ, ಕಾರಣ ಅಷ್ಟೇ.

ಫ್ರಾನ್ಸಿನಲ್ಲಿ ಬೆಟ್ಟ ಬಹಳ ಹಿಂದೆಯೇ ಆಟದ ಬಯಲಾಗಿತ್ತು. 1903ರಲ್ಲಿ ಶುರುವಾದ ಟೂರ್ 1910ರಲ್ಲಿ ಪಿರೆನೀಸಿನ ದೊಡ್ಡ ಘಟ್ಟಗಳನ್ನು ಹತ್ತಿತು. ಗೇರಿಲ್ಲದ ಸೈಕಲ್, ಮಣ್ಣಿನ ದಾರಿ. ಒಕ್ತಾವ್ ಲಾಪಿಜ್ ಎಂಬ ಸವಾರ ಹತ್ತುವ ದಾರಿಯಲ್ಲಿ ಸಂಘಟಕರನ್ನು ಕೊಲೆಗಡುಕರೆಂದು ಬೈದ, ಆ ವರ್ಷ ಗೆದ್ದವನೂ ಅವನೇ. ಆಲ್ಪ್ ದುಯೆಜ್ ಹಾದಿಗೆ ಬಂದದ್ದು 1952ರಲ್ಲಿ, ಮೊದಲು ಗೆದ್ದವ ಇಟಲಿಯ ಫಾಸ್ಟೊ ಕೊಪ್ಪಿ. ನಾವು ಬಾಡಿಗೆ ಸೈಕಲ್ ತುಳಿಯುವ ಕಾಲಕ್ಕೆ ಇದೆಲ್ಲ ಹಳೆಯ ಸಂಗತಿ. ನಮ್ಮ ಕಿವಿಗೆ ಬಿದ್ದಿರಲಿಲ್ಲ, ಅಷ್ಟೇ.

ಈಗಿನ ಹುಡುಗರ ಕಿವಿಗೆ ಬಿದ್ದದ್ದು ಎರಡು ಕಡೆಯಿಂದ. ಒಂದು ಮೊಬೈಲ್. ಇನ್ನೊಂದು ಭಟ್ಕಳ. ಅಲ್ಲಿನ ಮನೆಮನೆಯಲ್ಲಿ ದುಬೈಯಲ್ಲಿ ದುಡಿಯುವವರಿದ್ದಾರೆ. ದುಬೈಯ ಹೊರಗೆ ಅಲ್ ಕುದ್ರಾದ ಮರಳುಗಾಡಿನಲ್ಲಿ ಸೈಕಲಿಗೇ ಮಾಡಿದ ದಾರಿ ಇದೆ. 2019ರಿಂದ ಯುಎಇ ಟೂರ್ ನಡೆಯುತ್ತಿದೆ, ಅಲ್ ಐನ್ ಬಳಿಯ ಜಬಲ್ ಹಫೀತ್ ಅದರ ದೊಡ್ಡ ಏರು. 2020, 21, 24, 25ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಪೊಗಾಚಾರ್ ತುಳಿಯುವುದು ಎಮಿರೇಟ್ಸ್ ತಂಡಕ್ಕೇ. ರಜೆಗೆ ಬಂದ ಭಟ್ಕಳದ ಹುಡುಗನೊಬ್ಬ ಹಫೀತ್ ತಿರುವಿನಲ್ಲಿ ನಿಂತು ಅವನನ್ನು ಹತ್ತಿರದಿಂದ ನೋಡಿದ್ದನ್ನು ಹೇಳಿದ: "ಬಾಯಿ ತೆರ್ದಿರ್ಲಿಲ್ಲ ಸಾರ್. ಉಳಿದವರೆಲ್ಲ ಏದುಸಿರು, ಅವ ಮೂಗಲ್ಲೇ ಉಸಿರಾಡ್ತಿದ್ದ." ಪುಸ್ತಕ ಓದಿ ಬರುವ ತಿಳಿವಳಿಕೆ ಅಲ್ಲ ಅದು.

ನಮ್ಮಲ್ಲೂ ಹಾದಿ ತೆರೆಯುತ್ತಿದೆ. 2008ರ ಡಿಸೆಂಬರಿನಿಂದ ನಡೆಯುವ ಟೂರ್ ಆಫ್ ನೀಲಗಿರೀಸ್‌ನಲ್ಲಿ ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿಯ 36 ತಿರುವುಗಳು ಸವಾರರ ಬಾಯಲ್ಲಿ ಹೆಸರಾಗಿವೆ. 2026ರ ಜನವರಿಯಲ್ಲಿ ಪುಣೆ ಗ್ರ್ಯಾಂಡ್ ಟೂರ್ ನಡೆಯಿತು. ಅಂತಾರಾಷ್ಟ್ರೀಯ ಒಕ್ಕೂಟದ ಮಾನ್ಯತೆ ಪಡೆದ ಸ್ಪರ್ಧೆ, ಐದು ದಿನ, 437 ಕಿಲೋಮೀಟರ್, ಪಶ್ಚಿಮ ಘಟ್ಟದ ರಸ್ತೆಗಳ ಮೇಲೆ. ಆ ಹಾದಿ ಪ್ರಕಟವಾದಾಗ ಕುಮಟೆಯ ಹುಡುಗರಿಗೆ ಖುಷಿಗಿಂತ ಹೊಟ್ಟೆಯುರಿಯೇ ಹೆಚ್ಚಾಗಿತ್ತು. "ಸಹ್ಯಾದ್ರಿ ಪುಣೆಗೇ ಮುಗೀತದಾ?" ಎಂಬ ಅವರ ಪ್ರಶ್ನೆ ನ್ಯಾಯದ್ದು.

ನಮ್ಮ ಕಡೆಯೂ ಒಂದು ಟೂರ್ ನಡೆಯಲೆಂದು ಅವರು ಮಾಡಿಟ್ಟ ಹಾದಿ ನನಗೆ ಒಪ್ಪಿಗೆಯಾಗಿದೆ. ಮೊದಲ ದಿನ ಭಟ್ಕಳದಿಂದ ಮುರ್ಡೇಶ್ವರ, ಮಂಕಿ, ಶರಾವತಿ ಸೇತುವೆ ದಾಟಿ ಕುಮಟೆ, ಸಮತಟ್ಟು, ಸಮುದ್ರದ ಗಾಳಿ. ಮರುದಿನ ಕುಮಟೆಯಿಂದ ಕತಗಾಲ, ದೇವಿಮನೆ, ರಾಗಿಹೊಸಳ್ಳಿ, ಸುಮಾರು 590 ಮೀಟರ್ ಎತ್ತರದ ಶಿರಸಿ. ಅಲ್ಲಿಂದ ಸಿದ್ದಾಪುರ, ಮಾವಿನಗುಂಡಿ, ಮಲೆಮನೆ, ಗೇರುಸೊಪ್ಪೆಗೆ ಇಳಿದು ನದಿಯ ಬದಿಗೇ ಹೊನ್ನಾವರ. ಸುಮಾರು 170 ಕಿಲೋಮೀಟರ್, ಟೂರ್‌ನ ಒಂದು ಹಂತಕ್ಕೆ ಸರಿಸಮ. ಮೂರನೇ ದಿನ ಭಟ್ಕಳದಿಂದ ಕೋಗಾರ್ ಘಟ್ಟ. ಆಲ್ಪ್ ದುಯೆಜ್ 13.8 ಕಿಲೋಮೀಟರಿಗೆ ಸರಾಸರಿ ಶೇ 8.1ರ ಏರು, 21 ತಿರುವು. ದೇವಿಮನೆ ಅದರ ಸಾಟಿಯಲ್ಲ, ಎತ್ತರದಲ್ಲಿ ಅರ್ಧವೂ ಇಲ್ಲ. ಆದರೆ ಕರಾವಳಿಯ ಸೆಖೆಯಲ್ಲಿ ಬೆವರು ಆರದೆ ಹತ್ತುವ ಕಷ್ಟ ಬೇರೆ, ಅದು ಆಲ್ಪ್ಸ್‌ನಲ್ಲಿ ಇಲ್ಲ.

ನನ್ನ ಕಾಲಕ್ಕಿಂತ ಈಗಿನದು ಮೇಲು ಎಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನಾನು ಶಾಲೆಯಲ್ಲಿದ್ದೆ. ಕೆಲವು ಸೈಕಲ್‌ಗಳ ನಟ್ಟು ನಾವೇ ಬಿಗಿಯಬೇಕಾಯಿತು, ಚೈನು ವರ್ಷದೊಳಗೆ ತುಕ್ಕು ಹಿಡಿಯಿತು. ಆದರೂ ಹುಡುಗಿಯರು ಸಾಲುಸಾಲಾಗಿ ಶಾಲೆಗೆ ಸೈಕಲ್ ಮೇಲೆ ಬಂದದ್ದು ನಮ್ಮ ಕಡೆ ಅದೇ ಮೊದಲು. ಬಸ್ಸಿಲ್ಲವೆಂದು ಏಳಕ್ಕೇ ಓದು ಬಿಡುತ್ತಿದ್ದವರು ಹತ್ತನೆಯದನ್ನು ಮುಗಿಸಿದರು. ಆ ಯೋಜನೆ ಕೋವಿಡ್ ಕಾಲದಲ್ಲಿ ನಿಂತುಹೋಯಿತು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್‌ನವರು ಸಾಹಿಬಾಬಾದಿನ ಕಾರ್ಖಾನೆಯ ಕೆಲಸ ನಿಲ್ಲಿಸಿದರು. ಬಾಡಿಗೆ ಅಂಗಡಿಗಳು ಅದಕ್ಕೂ ಎಷ್ಟೋ ಮೊದಲೇ ಮುಚ್ಚಿದ್ದವು.

ಹೀಗಾಗಿ ಈಗ ಘಟ್ಟ ಹತ್ತುವವರೆಲ್ಲ ಸಂಬಳದವರು, ದುಬಾರಿ ಸೈಕಲ್ ಕೊಳ್ಳಬಲ್ಲವರು. ಮೀನಿನ ಬುಟ್ಟಿಯವರ ಮಕ್ಕಳು ಅದರಲ್ಲಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ರಸ್ತೆಯ ಸ್ಥಿತಿಯೂ ಸರಿಯಿಲ್ಲ. ಹೆದ್ದಾರಿ ಅಗಲವಾಯಿತು, ಆದರೆ ಸೈಕಲಿನವನಿಗೆ ಅದರಲ್ಲಿ ಜಾಗ ಉಳಿಯಲಿಲ್ಲ. ಅಗಲ ಮಾಡಲು ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಜಿಲ್ಲೆಯೇ ನೋಡಿದೆ. ದೇವಿಮನೆಯಲ್ಲೂ ಅಗಲೀಕರಣ ನಡೆದಿದೆ. ಅಲ್ಲಿ ಕಡಿದ ಗುಡ್ಡಕ್ಕೆ ಮೆಟ್ಟಿಲು ಮಾಡಿ, ನೀರು ಹರಿಯಲು ಚರಂಡಿ ಬಿಡದೆ ಯಾವ ಸ್ಪರ್ಧೆಯ ಮಾತನ್ನೂ ಆಡಬಾರದು.

ಜಿಲ್ಲಾಡಳಿತಕ್ಕೂ ರಾಜ್ಯದ ಸೈಕ್ಲಿಂಗ್ ಸಂಸ್ಥೆಗೂ ನನ್ನದೊಂದು ಬೇಡಿಕೆ. ಟೂರ್ ಬರಲು ಎಷ್ಟು ವರ್ಷ ಬೇಕೋ ಬೇಕಾಗಲಿ. ಅಷ್ಟರೊಳಗೆ, ಮಳೆ ನಿಂತ ಮೇಲೆ, ಡಿಸೆಂಬರಿನ ಒಂದು ಭಾನುವಾರ ಬೆಳಗ್ಗೆ ಆರರಿಂದ ಹತ್ತರವರೆಗೆ ಕತಗಾಲದಿಂದ ದೇವಿಮನೆಯವರೆಗೆ ಲಾರಿ, ಕಾರು ನಿಲ್ಲಿಸಿ. ಭಟ್ಕಳ, ಹೊನ್ನಾವರ, ಕುಮಟೆ ಮೂರೂ ತಾಲೂಕಿನ ಸರ್ಕಾರಿ ಶಾಲೆಗಳಿಂದ ಮಕ್ಕಳನ್ನು ಕರೆಸಿ, ಗೇರ್ ಸೈಕಲ್ ನೀವೇ ಒದಗಿಸಿ, ವಿಜಯಪುರದಿಂದ ಒಬ್ಬ ತರಬೇತುದಾರರನ್ನು ಕರೆತನ್ನಿ. ಮೊದಲು ಮೇಲೆ ಮುಟ್ಟುವ ಹತ್ತು ಮಕ್ಕಳ ಹೆಸರು ಬರೆದುಕೊಳ್ಳಿ.