ರೊಟ್ಟಿ ಬಡಿಯುವ ಜಾಗದ ಬೆಳಕು

ಮನೆಯ ನಕ್ಷೆ ಹಿಡಿದುಕೊಂಡು ವೈರಿಂಗ್ ಮಾತಾಡಲು ಬಂದವರಿಗೆ ನಾನು ಮೊದಲು ಕೇಳುವುದು, “ರೊಟ್ಟಿ ಎಲ್ಲಿ ಬಡೀತೀರಿ?” ಅಂತ. ಗಂಡಸರಷ್ಟೇ ಬಂದಿದ್ದರೆ ಸರಿಯಾದ ಉತ್ತರ ಸಿಗುವುದು ಕಡಿಮೆ. “ಅಡಗಿಮನ್ಯಾಗ್ರೀ, ಮತ್ತೆಲ್ಲಿ?” ಎನ್ನುತ್ತಾರೆ. ಅಡುಗೆಮನೆ ನಕ್ಷೆಯಲ್ಲಿ ನನಗೂ ಕಾಣುತ್ತದೆ. ನನಗೆ ಬೇಕಾದದ್ದು ಆ ಹತ್ತಡಿ ಕೋಣೆಯೊಳಗೆ ಒಲೆ ಯಾವ ಗೋಡೆಗೆ, ಬಡಿಯುವವರ ಮುಖ ಯಾವ ದಿಕ್ಕಿಗೆ, ಕೂತು ಬಡಿಯುತ್ತಾರೋ ನಿಂತು ಬಡಿಯುತ್ತಾರೋ ಎನ್ನುವುದು. ಕೋಣೆಯ ನಟ್ಟನಡುವೆ ಒಂದು ಬಲ್ಬು ಇಳಿಬಿಟ್ಟರೆ ಒಲೆಯ ಕಡೆ ಮುಖ ಮಾಡಿದವರ ನೆರಳು ಅವರ ಕೈಮೇಲೆಯೇ ಬೀಳುತ್ತದೆ. ಹಿಟ್ಟು ಎಷ್ಟು ತೆಳ್ಳಗಾಯಿತು, ಅಂಚು ಎಲ್ಲಿ ಒಡೆಯಿತು, ಹಂಚಿನ ಮೇಲೆ ಯಾವ ಮಗ್ಗುಲು ಸೀದಿತು, ಎಲ್ಲವನ್ನೂ ಬಡಿಯುವಾಕೆ ತನ್ನದೇ ನೆರಳಿನಲ್ಲಿ ಹುಡುಕಬೇಕು. ದಿನಾ ಬುಟ್ಟಿ ತುಂಬ ರೊಟ್ಟಿ ಬಡಿಯುವ ಮನೆಗಳು ನಮ್ಮ ಕಡೆ ಇನ್ನೂ ಇವೆ. ಆ ಬಲ್ಬನ್ನು ಒಲೆಯ ಮೇಲಿನ ಗೋಡೆಗೆ, ಎಡಗಡೆಯಿಂದ ಬೆಳಕು ಬೀಳುವ ಹಾಗೆ ಸರಿಸಿದರೆ ಆಕೆಯ ವರ್ಷಾನುಗಟ್ಟಲೆಯ ಕಣ್ಣಿನ ಶ್ರಮ ತಪ್ಪುತ್ತದೆ. ಖರ್ಚು ನಾಲ್ಕು ಅಡಿ ಪೈಪು, ನಾಲ್ಕು ಅಡಿ ವೈರು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳ ಸುತ್ತ ಓಡಾಡಿ ವೈರಿಂಗಿನ ನಕ್ಷೆ ಬರೆಯುವ ಕಸುಬು ನನ್ನದು. ನಕ್ಷೆಯಲ್ಲಿ ಗೋಡೆ, ಬಾಗಿಲು, ಕಿಟಕಿ ಇರುತ್ತವೆ. ಮನೆಯವರ ದಿನ ಇರುವುದಿಲ್ಲ. ಅಜ್ಜ ರಾತ್ರಿ ಯಾವ ಹೊತ್ತಿಗೆ ಎದ್ದು ಬಚ್ಚಲಿಗೆ ಹೋಗುತ್ತಾನೆ, ಮಕ್ಕಳು ಓದಲು ಕೂರುವುದು ಮೇಜಿನ ಮೇಲೋ ಪಡಸಾಲೆಯ ಚಾಪೆಯ ಮೇಲೋ, ಎಮ್ಮೆ ಹಿಂಡುವುದು ಎಲ್ಲಿ ಎಂಬುದನ್ನೆಲ್ಲ ಕೇಳಿಯೇ ತಿಳಿಯಬೇಕು. ಹಾಗೆ ಕೇಳದೆ ಬರೆದ ನಕ್ಷೆಯಲ್ಲಿ ಪ್ರತಿ ಕೋಣೆಗೂ ನಡುವೆ ಫ್ಯಾನು, ಎದುರು ಗೋಡೆಗೆ ಟ್ಯೂಬ್‌ಲೈಟು, ಬಾಗಿಲ ಪಕ್ಕ ಬೋರ್ಡು ಬಂದು ಕೂರುತ್ತವೆ. ಫ್ಯಾನಿನ ರೆಕ್ಕೆಗಿಂತ ಮೇಲೆ ಬಲ್ಬು ಹಾಕಿ, ಇಡೀ ಕೋಣೆ ಮಿಣಮಿಣ ಕದಡುವ ಹಾಗೆ ಮಾಡಿದ ಮನೆಗಳನ್ನೂ ಕಂಡಿದ್ದೇನೆ. ಅಂಥಲ್ಲಿ ಒಂದು ಪುಟ ಓದಿದರೆ ತಲೆನೋವು ಬರುತ್ತದೆ.

ನಮ್ಮ ಹಳೆಯ ಮಾಳಿಗೆ ಮನೆಗಳನ್ನು ಕಟ್ಟಿದವರು ಬೆಳಕಿನ ವಿಷಯದಲ್ಲಿ ಬಹಳ ಯೋಚಿಸಿದವರು. ಮೊಳ ಮೀರಿದ ದಪ್ಪ ಗೋಡೆ, ತೊಲೆ, ಜಂತಿ, ಮೇಲೆ ಹಾಳುಮಣ್ಣು. ಬೇಸಿಗೆ ನಲವತ್ತು ಡಿಗ್ರಿ ದಾಟುವ ಸೀಮೆಯಲ್ಲಿ ಗೋಡೆಗೆ ದೊಡ್ಡ ಕಿಟಕಿ ಇಟ್ಟರೆ ಬೆಳಕಿನ ಜೊತೆ ಝಳವೂ ಒಳಗೆ ಬರುತ್ತದೆ. ಅದಕ್ಕೇ ಮಾಳಿಗೆಯಲ್ಲೇ ಒಂದು ಬೆಳಕಿಂಡಿ ಬಿಟ್ಟರು. ಮಳೆ ಬಂದರೆ ಮೇಲೆ ಹತ್ತಿ ಮುಚ್ಚುವುದು, ಹೊಳವಾದರೆ ತೆರೆಯುವುದು. ಒಲೆಯ ಹೊಗೆಗೂ ಅದೇ ದಾರಿ.

ಈ ಬೆಳಕಿಂಡಿಯ ಲೆಕ್ಕ ಹಾಕಿ ನೋಡಿದಾಗ ನನಗೆ ರೋಮಾಂಚನವಾಯಿತು. ಬೆಳಕಿನ ಮೊತ್ತವನ್ನು ಲೂಮೆನ್‌ನಲ್ಲಿ ಅಳೆಯುತ್ತೇವೆ. ಒಂದು ಚದರ ಮೀಟರಿಗೆ ಎಷ್ಟು ಲೂಮೆನ್ ಬಿತ್ತು ಎನ್ನುವುದು ಲಕ್ಸ್. ನಡುಹಗಲಿನ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಬೆಳಕಿಂಡಿ ಒಂದು ಚದರ ಅಡಿಯದ್ದು ಎಂದುಕೊಳ್ಳಿ. ಸೂರ್ಯ ನೆತ್ತಿಯ ಮೇಲೆ ಬಂದಾಗ ಅದರಿಂದ ಇಳಿಯುವುದು ಸುಮಾರು 9,000 ಲೂಮೆನ್. ಇವತ್ತಿನ 9 ವಾಟಿನ ಎಲ್‌ಇಡಿ ಬಲ್ಬು ಕೊಡುವುದು ಸುಮಾರು 900. ಅಂದರೆ ಹತ್ತು ಎಲ್‌ಇಡಿ ಬಲ್ಬುಗಳ ಬೆಳಕು ಒಂದಡಿ ಅಗಲದ ತೂತಿನಿಂದ, ಬಿಲ್ಲಿಲ್ಲದೆ! ನಮ್ಮ ಅಕ್ಷಾಂಶದಲ್ಲಿ ಮೇ ತಿಂಗಳ ಮೊದಲ ಭಾಗದಲ್ಲಿ ಸೂರ್ಯ ನೇರ ನೆತ್ತಿಗೆ ಬರುತ್ತಾನೆ; ಆಗ ಆ ಬಿಸಿಲಕೋಲು ನೆಟ್ಟಗೆ ನೆಲಕ್ಕೆ ಇಳಿದು, ಸಾರಿಸಿದ ನೆಲದಿಂದ ಚದುರಿ ಇಡೀ ಅಡುಗೆಮನೆ ಬೆಳಗುತ್ತದೆ. ಉಳಿದ ದಿನಗಳಲ್ಲಿ ಬಿಸಿಲು ಕಿಂಡಿಯ ದಪ್ಪ ಅಂಚಿಗೆ ಬಡಿದು ಮೆದುವಾಗಿ ಇಳಿಯುತ್ತದೆ. ಹೊಸ ಆರ್‌ಸಿಸಿ ಮನೆ ಕಟ್ಟುವವರಿಗೆ, ನಡುಮನೆಯ ಮೇಲೆ ಗಾಜು ಕೂರಿಸಿ ಒಂದು ಬೆಳಕಿಂಡಿ ಬಿಡಿ ಎಂದು ನಾನು ಇಂದಿಗೂ ಹೇಳುತ್ತೇನೆ. ಸೋರುತ್ತದೆ ಎಂದು ಹೆದರುತ್ತಾರೆ. ಸುತ್ತ ನಾಲ್ಕಿಂಚು ಕಟ್ಟೆ ಎತ್ತಿ ಕೂರಿಸಿದರೆ ಸೋರುವುದಿಲ್ಲ; ಹಗಲು ಹನ್ನೆರಡಕ್ಕೆ ಲೈಟು ಹಚ್ಚುವ ಅಗತ್ಯವೇ ಬರುವುದಿಲ್ಲ.

ಬೆಳಕಿಗೆ ಲೆಕ್ಕ ಇಡುವುದು ಈ ನೆಲಕ್ಕೆ ಹೊಸದೇನಲ್ಲ. ಇಂಡಿಯ ಹತ್ತಿರದ ಸಾಲೋಟಗಿಯಲ್ಲಿ ಕ್ರಿ.ಶ. 945ರ ಕಂಬದ ಶಾಸನವೊಂದು ಸಿಕ್ಕಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣ ಅಲ್ಲಿ ತ್ರಯೀಪುರುಷರ, ಅಂದರೆ ತ್ರಿಮೂರ್ತಿಗಳ, ಶಾಲೆ ಕಟ್ಟಿಸಿದ. ಬೇರೆ ಬೇರೆ ಜನಪದಗಳಿಂದ ವಿದ್ಯಾರ್ಥಿಗಳು ಬಂದು ಓದುತ್ತಿದ್ದರು. ಅವರ ವಾಸಕ್ಕೆ 27 ಮನೆಗಳು. ಶಾಲೆಗೆ ಬಿಟ್ಟ ಭೂಮಿಯಲ್ಲಿ ಗುರುವಿನ ಜೀವನಕ್ಕೆ ಇಷ್ಟು, ಹೂದೋಟಕ್ಕೆ ಇಷ್ಟು ಎಂದು ಹಂಚಿದವರು ದೀಪಗಳಿಗೆಂದೇ ಒಂದು ಪಾಲು ಬೇರೆ ತೆಗೆದಿಟ್ಟಿದ್ದಾರೆ. ಈ ಸಾಲು ಬಂದಾಗಲೆಲ್ಲ ನಾನು ಅಲ್ಲೇ ನಿಲ್ಲುತ್ತೇನೆ. ಯಾರೋ ಒಬ್ಬರು ಕೂತು ಯೋಚಿಸಿದ್ದಾರೆ: ಹುಡುಗರು ಕತ್ತಲಾದ ಮೇಲೂ ಓದುತ್ತಾರೆ, ಅದಕ್ಕೆ ಇಷ್ಟು ದೀಪ ಬೇಕು, ಇಷ್ಟು ದೀಪಕ್ಕೆ ವರ್ಷಕ್ಕೆ ಇಷ್ಟು ಎಣ್ಣೆ, ಇಷ್ಟು ಎಣ್ಣೆಗೆ ಇಷ್ಟು ಹೊಲ. ನಾವು ಇವತ್ತು ಲೋಡ್ ಕ್ಯಾಲ್ಕ್ಯುಲೇಷನ್ ಎನ್ನುವುದು ಇದೇ ಕೆಲಸ. ಸಾವಿರ ವರ್ಷದ ನಂತರ ಅದೇ ತಾಲ್ಲೂಕಿನ ಶಾಲೆಗೆ ನಕ್ಷೆ ಬರೆಯುವಾಗ, ತರಗತಿಗೆ 300 ಲಕ್ಸ್ ಬೇಕು, ಕಪ್ಪುಹಲಗೆಯ ಮುಂದೆ ಬೇರೆಯದೇ ಲೈಟು ಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಆ ಕಂಬದ ಬೆಂಬಲವೂ ಇದೆ.

ಬಡವರ ಮನೆಗೆ ಬಲ್ಬು ಬಂದದ್ದು ಬಹುಮಟ್ಟಿಗೆ ಭಾಗ್ಯಜ್ಯೋತಿಯಿಂದ. 1979-80ರ ಹೊತ್ತಿಗೆ ಶುರುವಾದ ಯೋಜನೆ. ಮನೆಗೆ ಒಂದೇ ಒಂದು ಬಲ್ಬು, 40 ವಾಟು. ಆ ಒಂದು ಬಲ್ಬನ್ನು ಎಲ್ಲಿ ಕಟ್ಟುವುದು? ಇದಕ್ಕಿಂತ ಕಠಿಣವಾದ ವಿನ್ಯಾಸದ ಪ್ರಶ್ನೆ ನನಗೆ ಗೊತ್ತಿಲ್ಲ. ಹಲವರು ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಕೊರೆದು ಬಲ್ಬನ್ನು ಅಲ್ಲಿ ಇಟ್ಟರು. ಈಚೆ ಮಗು ಅಕ್ಷರ ತಿದ್ದುವುದು, ಆಚೆ ತಾಯಿ ಪಲ್ಯ ಹೆಚ್ಚುವುದು, ಎರಡೂ ಒಂದೇ 400 ಲೂಮೆನ್ನಿನಲ್ಲಿ. ಮುದ್ದೇಬಿಹಾಳದ ಕಡೆಯ ಹಳ್ಳಿಗಳಲ್ಲಿ ಅಂಥ ಕಿಂಡಿಗಳು ಈಗಲೂ ಉಳಿದಿವೆ. ಬಲ್ಬು ಹೋಗಿ ಅಲ್ಲಿ ಮೊಬೈಲ್ ಚಾರ್ಜರ್ ಕೂತಿದೆ. ಅದನ್ನು ಕೊರೆದವರಿಗೆ ನಾನು ನಮಸ್ಕಾರ ಮಾಡುತ್ತೇನೆ.

ಆಮೇಲೆ ಕಾಲ ಬದಲಾಯಿತು. ಆಲಮಟ್ಟಿಯ ಹಿನ್ನೀರು ಬಂದು ಕೃಷ್ಣೆಯ ದಂಡೆಯ ಊರುಗಳು ಎತ್ತರಕ್ಕೆ ಹೋದವು. ಆಲಮಟ್ಟಿಯ ಅಣೆಕಟ್ಟಿನ ಕೆಳಗೆ 290 ಮೆಗಾವಾಟಿನ ವಿದ್ಯುದಾಗಾರ ಬಂತು, ಕೂಡಗಿಯಲ್ಲಿ 800 ಮೆಗಾವಾಟಿನ ಮೂರು ಘಟಕಗಳ ಉಷ್ಣಸ್ಥಾವರ ಎದ್ದಿತು. ಎರಡೂ ಹಳೆಯ ಬಾಗೇವಾಡಿ ತಾಲ್ಲೂಕಿನವೇ. 2023ರ ಆಗಸ್ಟಿನಿಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲಿಲ್ಲ. ಒಳ್ಳೆಯದೇ ಆಯಿತು, ಫ್ಯಾನಿಲ್ಲದೆ ಬೇಸಿಗೆ ಕಳೆದವರ ಮನೆಗೆ ಫ್ಯಾನು ಬಂತು. ಆದರೆ ಒಂದು ಬಲ್ಬಿಗೆಂದು ಎಳೆದ ವೈರು ಎಷ್ಟೋ ಮನೆಗಳಲ್ಲಿ ಅದೇ ಇದೆ. 40 ವಾಟಿನ ಬಲ್ಬು ಎಳೆಯುವುದು ಆಂಪಿಯರಿನ ಆರನೇ ಒಂದು ಭಾಗ. ನೀರು ಕಾಯಿಸುವ 1,500 ವಾಟಿನ ಕಾಯಿಲು ಎಳೆಯುವುದು ಆರೂವರೆ ಆಂಪಿಯರ್. ವೈರಿನ ಬಿಸಿ ಕರೆಂಟಿನ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಕರೆಂಟು ಮೂವತ್ತೇಳು ಪಟ್ಟಾದರೆ ಬಿಸಿ 1,400 ಪಟ್ಟು! ಒಣಗಿದ ಜಂತಿಯ ಮೇಲೆ, ಇಲಿ ಕಡಿದ ಜಾಗದಲ್ಲಿ, ಬಟ್ಟೆ ಸುತ್ತಿದ ಗಂಟಿನಲ್ಲಿ ಆ ಬಿಸಿ ಸದ್ದಿಲ್ಲದೆ ಕೂರುತ್ತದೆ. ಲೈಟಿಗೆ ಒಂದೂವರೆ ಚದರ ಎಂಎಂ, ಪವರ್ ಪಾಯಿಂಟಿಗೆ ಎರಡೂವರೆ, ಗೀಜರಿಗೆ ನಾಲ್ಕು ಎಂದು ನಾವು ವೈರು ಬೇರೆ ಬೇರೆ ಬರೆಯುವುದು ಇದಕ್ಕೇ. ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಬಿಗಿಯುವವರನ್ನು ಕಂಡರೆ ಮೈ ನಡುಗುತ್ತದೆ. ಫ್ಯೂಸು ಹೋಗುವುದು ವೈರು ಉಳಿಯಲಿ ಎಂದು.

ಇನ್ನು ಅರ್ಥಿಂಗ್. ಇದರ ಬಗ್ಗೆ ಮಾತು ಶುರುವಾದರೆ ನಾನು ಬೇಗ ಮುಗಿಸುವವನಲ್ಲ.

ನಮ್ಮದು ಎರೆಭೂಮಿ. ಹಸಿ ಇದ್ದಾಗ ಎರೆಮಣ್ಣಿನಷ್ಟು ಒಳ್ಳೆಯ ಅರ್ಥಿಂಗ್ ನೆಲ ಸಿಗುವುದು ಕಷ್ಟ. ತೇವ, ಲವಣ ಎರಡನ್ನೂ ಹಿಡಿದಿಟ್ಟುಕೊಂಡು ಕರೆಂಟನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಜುಲೈಯಲ್ಲಿ ಅರ್ಥಿಂಗ್ ಪೈಪಿಗೆ ಮೀಟರ್ ಹಚ್ಚಿ ನೋಡಿದರೆ ಮನಸ್ಸಿಗೆ ಸಮಾಧಾನವಾಗುತ್ತದೆ. ಅದೇ ಪೈಪನ್ನು ಏಪ್ರಿಲ್‌ನಲ್ಲಿ ನೋಡಬೇಕು. ಎರೆ ಬಾಯಿ ಬಿಟ್ಟಿರುತ್ತದೆ. ಕಾಲು ಸಿಗಿಬೀಳುವಷ್ಟು ಬಿರುಕು. ಕುಗ್ಗಿದ ಮಣ್ಣು ಪೈಪಿನಿಂದ ದೂರ ಸರಿದು ನಡುವೆ ಗಾಳಿ ತುಂಬಿಕೊಂಡಿರುತ್ತದೆ. ತಂತಿ ಇದೆ, ಪೈಪೂ ಇದೆ, ನೆಲ ಮಾತ್ರ ಕೈಬಿಟ್ಟಿದೆ. ಕರಾವಳಿಯ ಇಂಜಿನಿಯರಿಗೆ ಈ ಕಷ್ಟ ಅಷ್ಟಾಗಿ ಗೊತ್ತಿರಲಾರದು. ಇದ್ದಲು, ಉಪ್ಪು ಹಾಕಿ ಎರಡೂವರೆ ಮೀಟರಿನ ಪೈಪು ಇಳಿಸಿದರಷ್ಟೇ ನಮ್ಮಲ್ಲಿ ಸಾಲದು. ವರ್ಷವಿಡೀ ನೀರು ಬೀಳುವ ಜಾಗ ಹುಡುಕಬೇಕು. ನಾನು ಬಚ್ಚಲ ನೀರು ಹೋಗುವ ಕಡೆ, ಇಲ್ಲವೇ ತುಳಸಿಕಟ್ಟೆಯ ಬುಡದಲ್ಲಿ ಗುಂಡಿ ತೋಡಿಸುತ್ತೇನೆ. ದಿನಾ ಒಂದು ತಂಬಿಗೆ ನೀರು ಬಿದ್ದೇ ಬೀಳುತ್ತದೆ. ಯಾರಿಗೂ ನೆನಪಿಸಬೇಕಾಗಿಲ್ಲ.

ಅರ್ಥಿಂಗ್ ಜೊತೆಗೆ ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಬೇಕು ಎಂದರೆ, “ಎಂಸಿಬಿ ಐತಲ್ರೀ, ಮತ್ತೊಂದ್ಯಾಕ?” ಎಂದು ಕೇಳುತ್ತಾರೆ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನ ಮೈಯಲ್ಲಿ ಹರಿದು ಎದೆ ನಿಲ್ಲಿಸಲು ಆಂಪಿಯರಿನ ತೀರಾ ಸಣ್ಣ ಪಾಲು ಸಾಕು. 6 ಆಂಪಿಯರಿನ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಆರ್‌ಸಿಸಿಬಿ ಹೋದ ಕರೆಂಟನ್ನೂ ಬಂದ ಕರೆಂಟನ್ನೂ ಹೋಲಿಸುತ್ತದೆ. 30 ಮಿಲಿಆಂಪಿಯರ್, ಅಂದರೆ ಆ ಎಂಸಿಬಿಯ ಅಳತೆಯ ಇನ್ನೂರನೇ ಒಂದು ಭಾಗ ವ್ಯತ್ಯಾಸ ಬಂದರೂ ರೆಪ್ಪೆ ಬಡಿಯುವಷ್ಟರಲ್ಲಿ ಲೈನು ಕತ್ತರಿಸುತ್ತದೆ. ನೆಲ ಬಿರಿದು ಅರ್ಥಿಂಗ್ ಸೋತ ಏಪ್ರಿಲ್‌ನಲ್ಲೂ ಅದು ಕೆಲಸ ಮಾಡುತ್ತದೆ. ನಮ್ಮ ಕಡೆ ಪತ್ರಾಸಿನ (ತಗಡಿನ) ಶೆಡ್ಡಿಗೆ ಬಟ್ಟೆ ಒಣಗಿಸುವ ತಂತಿ ಕಟ್ಟುವ ರೂಢಿ. ಶೆಡ್ಡಿನ ಮೇಲೆ ಹಾದ ಸರ್ವಿಸ್ ವೈರಿನ ಸಿಪ್ಪೆ ಗಾಳಿಗೆ ಉಜ್ಜಿ ಸುಲಿದರೆ ಪತ್ರಾಸಿಗೂ ತಂತಿಗೂ ಕರೆಂಟು ಇಳಿಯುತ್ತದೆ. ಒದ್ದೆ ಬಟ್ಟೆ ಹಿಡಿದು ಬರುವವಳು ಬರಿಗಾಲಲ್ಲಿ ಇರುತ್ತಾಳೆ. ಇಂಥ ಸಾವುಗಳ ಸುದ್ದಿ ಪತ್ರಿಕೆಯಲ್ಲಿ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಶೆಡ್ಡಿನ ಲೈಟು ಆರ್‌ಸಿಸಿಬಿಯ ಆಚೆ ಉಳಿಯದ ಹಾಗೆ ನೋಡಿಕೊಳ್ಳಿ, ಬಟ್ಟೆಯ ತಂತಿಯ ಬದಲು ನೈಲಾನ್ ಹಗ್ಗ ಕಟ್ಟಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಸರ್ವಿಸ್ ವೈರಿನ ದೋಷವನ್ನು ಮನೆಯೊಳಗಿನ ಆರ್‌ಸಿಸಿಬಿ ಹಿಡಿಯಲಾರದು. ಅಲ್ಲಿ ಪ್ರಾಣ ಉಳಿಸುವುದು ಆ ಹಗ್ಗವೇ.

ಬೆಳಕಿನ ಬಣ್ಣದ ಮಾತನ್ನು ನನಗೆ ಚೆನ್ನಾಗಿ ಅರ್ಥಮಾಡಿಸಿದ್ದು ಇಂಡಿಯ ನಿಂಬೆ. ಸಂಜೆ ಕಾಯಿ ಆರಿಸುವವರಿಗೆ ಹಸಿರು ಯಾವುದು, ತಿಳಿಹಳದಿ ಯಾವುದು ಎಂಬ ಸಣ್ಣ ಭೇದವೇ ಬೆಲೆ. ಹಳೆಯ ಸೋಡಿಯಂ ದೀಪದ ಕೆಳಗೆ ಎಲ್ಲ ಕಾಯಿಯೂ ಒಂದೇ ಬಣ್ಣ. ಅಗ್ಗದ ಎಲ್‌ಇಡಿಯಲ್ಲೂ ಭೇದ ಮಂಕಾಗುತ್ತದೆ. ವಾಟು ಹೆಚ್ಚಿಸಿದರೆ ಸರಿಹೋಗುವ ವಿಷಯವಲ್ಲ ಇದು. ಬಣ್ಣ ತೋರಿಸುವ ಗುಣಾಂಕ 90ರ ಮೇಲಿರುವ ದೀಪ ಬೇಕು. ಡಬ್ಬಿಯ ಮೇಲೆ ಸಿಆರ್‌ಐ ಎಂದು ಬರೆದಿರುತ್ತದೆ, ಓದುವವರು ಕಡಿಮೆ. ಬಟ್ಟೆ ಅಂಗಡಿಯಲ್ಲಿ ಕೊಂಡ ಇಳಕಲ್ ಸೀರೆಯ ಬಣ್ಣ ಮನೆಗೆ ಬಂದಾಗ ಬೇರೆ ಕಾಣುವುದಕ್ಕೂ ಇದೇ ಕಾರಣ.

ಹಳೆಯ ಕಲ್ಲಿನ ಗುಡಿಗಳಲ್ಲಿ ನನ್ನ ಸಲಹೆ ಯಾವಾಗಲೂ ಕಡಿಮೆ ಬೆಳಕಿನ ಕಡೆಗೇ. ಗರ್ಭಗುಡಿಯನ್ನು ಒಂದು ಎಣ್ಣೆದೀಪಕ್ಕೆ ಹೊಂದುವಂತೆ ಕಟ್ಟಿರುತ್ತಾರೆ. ಆ ದೀಪದ ಬಣ್ಣ ಸುಮಾರು 2,000 ಕೆಲ್ವಿನ್. ಅಲ್ಲಿ 6,500 ಕೆಲ್ವಿನ್ನಿನ ನೀಲಿಬಿಳಿ ಪಟ್ಟಿ ಅಂಟಿಸಿದರೆ ಕಲ್ಲು ಬೂದಿಯ ಹಾಗೆ ಸತ್ತುಹೋಗುತ್ತದೆ. ಬಾಗೇವಾಡಿಯಲ್ಲಿ ಶ್ರಾವಣದ ಜಾತ್ರೆಯ ದಿನಗಳಲ್ಲಿ ಊರೆಲ್ಲ ಸೀರಿಯಲ್ ಸೆಟ್ಟು ಮಿನುಗಲಿ, ಅದು ಹಬ್ಬ. ಒಳಗೆ ಮಾತ್ರ 2,700 ಕೆಲ್ವಿನ್ನಿನ ಒಂದೆರಡು ಸಣ್ಣ ದೀಪ, ಬಲ್ಬು ಕಣ್ಣಿಗೆ ಬೀಳದ ಹಾಗೆ. ಕಂಬಕ್ಕೆ ಮೊಳೆ ಹೊಡೆಯುವುದಂತೂ ಬೇಡವೇ ಬೇಡ.

ಕೊನೆಗೆ ಮನೆ ಕಟ್ಟುತ್ತಿರುವವರಿಗೆ ಒಂದು ಕೆಲಸ. ಸ್ಲ್ಯಾಬು ಸುರಿಯುವ ಹಿಂದಿನ ದಿನ, ಗೋಡೆಗೆ ಗಿಲಾವು ಮಾಡುವ ಮೊದಲು, ಪೈಪುಗಳು ಹೋದ ದಾರಿಯ ಫೋಟೊ ತೆಗೆದಿಡಿ. ಪ್ರತಿ ಗೋಡೆಗೆ ಒಂದು, ಪಕ್ಕದಲ್ಲಿ ಟೇಪು ಹಿಡಿದು. ಯಾವ ಎಂಸಿಬಿ ಯಾವ ಕೋಣೆಗೆ ಎಂದು ಕನ್ನಡದಲ್ಲಿ ಬರೆದು ಬೋರ್ಡಿನ ಬಾಗಿಲ ಒಳಗೆ ಅಂಟಿಸಿ. ಇಪ್ಪತ್ತು ವರ್ಷದ ಮೇಲೆ ಸೊಸೆ ಒಂದು ಫೋಟೊ ತೂಗುಹಾಕಲು ಡ್ರಿಲ್ ಹಿಡಿದಾಗ, ವೈರಿಂಗ್ ಮಾಡಿದವನು ಊರಲ್ಲಿ ಇರುವುದಿಲ್ಲ.